ಹುಡುಗನ ಕಡೆಯವರು ಯಾವ ಜನ?

ಕೊಳ್ಳೇಗಾಲ

ವಿದೇಶಕ್ಕೆ ಹೋಗಿ ಬಂದವರು ವಿಮಾನದ ಕಿಟಕಿಯಿಂದ ಕಂಡ ಮೋಡಗಳಿಂದ ಕಥೆ ಶುರು ಮಾಡುತ್ತಾರೆ. ನನಗೆ ಕಿಟಕಿ ಸಿಗಲಿಲ್ಲ. ಸಿಕ್ಕಿದ್ದು ನಡುವಿನ ಸೀಟು. ಎಡಕ್ಕೆ ಕೂತವನು ನಿದ್ದೆಯಲ್ಲಿ ನನ್ನ ಹೆಗಲಿಗೆ ತಲೆ ಕೊಟ್ಟ. ಬಲಕ್ಕೆ ಕೂತವಳು ಮೊಣಕೈ ತಾಗಿದಾಗಲೆಲ್ಲ ಸಾರಿ ಎಂದಳು. ಹೀಗಾಗಿ ಮೋಡದ ಸಮಾಚಾರ ನನ್ನ ಹತ್ತಿರ ಇಲ್ಲ. ಇರುವುದೆಲ್ಲ ಭಯದ ಸಮಾಚಾರ.

ನಾನು ಹುಟ್ಟಾ ಪುಕ್ಕಲ. ಯಳಂದೂರಿನ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದಾಗ, ಮಕ್ಕಳನ್ನು ಬಿಳಿಗಿರಿರಂಗನ ಬೆಟ್ಟಕ್ಕೆ ಕರೆದುಕೊಂಡು ಹೋಗುವ ಸರದಿ ಬಂತೆಂದರೆ ಹಿಂದಿನ ದಿನವೇ ಹೊಟ್ಟೆ ಕೆಡುತ್ತಿತ್ತು. ಹನೂರಿನಲ್ಲಿದ್ದಾಗ ಒಮ್ಮೆ ಪರೀಕ್ಷೆ ಕೆಲಸಕ್ಕೆಂದು ಗೋಪಿನಾಥಂಗೆ ಹಾಕಿದರು. ಕಾಡಿನ ನಡುವೆ ಬಸ್ಸು ಕೆಟ್ಟು ನಿಂತಾಗ ಕಂಡಕ್ಟರೇ ನನಗೆ ನೀರು ಕುಡಿಸಿ ಸಮಾಧಾನ ಮಾಡಬೇಕಾಯಿತು. ಇಂಥವನನ್ನು ನಮ್ಮ ಅಕ್ಕ ಇಂಗ್ಲೆಂಡಿಗೆ ಅಟ್ಟಿದಳು. ಹೆದರುವವನ ಮೇಲೆ ಕಪ್ಪೆ ಎಸೆದ ಹಾಗೆ.

ಕಾರಣ ಅಕ್ಕನ ಮಗಳು ರೂಪಾ. ಕಾಮಗೆರೆಯ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು ಈಗ ಇಂಗ್ಲೆಂಡಿನ ಷೆಫೀಲ್ಡ್ ಎಂಬ ಊರಿನ ಆಸ್ಪತ್ರೆಯಲ್ಲಿದ್ದಾಳೆ. ಅಲ್ಲಿಯೇ ಎಕ್ಸ್-ರೇ ತೆಗೆಯುವ ಹುಡುಗನನ್ನು ಮದುವೆಯಾಗುತ್ತೇನೆಂದು ಹೇಳಿ ಫೋಟೋ ಕಳಿಸಿದ್ದಳು. ಹೆಸರು ಮಾರೆಕ್. ಹೆಸರು ಕೇಳಿ ಅಕ್ಕನ ಎದೆ ಧಸಕ್ಕೆಂದಿತು. ಫೋಟೋ ನೋಡಿದ ಮೇಲೆ ಸ್ವಲ್ಪ ಉಸಿರು ಬಂತು. ಕಪ್ಪು ಕೂದಲು, ಗೋಧಿ ಬಣ್ಣ, ನಮ್ಮ ಬೀದಿಯ ಯಾವ ಮನೆಯಿಂದ ಎದ್ದು ಬಂದರೂ ಸಲ್ಲುವ ಮುಖ. ‘ಇಂಡಿಯಾ ಮೂಲದವರೇ ಅಮ್ಮ, ತುಂಬಾ ಹಿಂದೆ ಈ ಕಡೆ ಬಂದು ಸೇರಿಕೊಂಡವರು’ ಎಂದು ರೂಪಾ ಹೇಳಿದ್ದಳು.

ನಮ್ಮದು ರೇಷ್ಮೆ ಸೀರೆ ನೇಯುವವರ ಬೀದಿ. ಗೋಡೆಗೆ ಗೋಡೆ ಅಂಟಿದ ಮನೆಗಳು. ಒಂದು ಮನೆಯಲ್ಲಿ ಮಗ್ಗದ ಸದ್ದು ನಿಂತರೆ ಪಕ್ಕದ ಮನೆಯವರು ಏನಾಯಿತೆಂದು ಕೇಳಲು ಬರುತ್ತಾರೆ. ಅಕ್ಕ ಪಕ್ಕದ ಮನೆಯ ನೀಲಮ್ಮನಿಗೆ ‘ಇಂಡಿಯಾದೋರೇ ಕಣಮ್ಮಿ’ ಎಂದು ಆಗಲೇ ಹೇಳಿಬಿಟ್ಟಿದ್ದಳು. ನೀಲಮ್ಮನಿಗೆ ಹೇಳಿದರೆ ಇಡೀ ಬೀದಿಗೆ ಹೇಳಿದ ಹಾಗೆ.

ಭಾವ ತೀರಿಕೊಂಡು ವರ್ಷಗಳಾದವು. ನಮ್ಮಲ್ಲಿ ಸೋದರಮಾವ ಕೈಹಿಡಿದು ಕರೆತರದೆ ಹೆಣ್ಣು ಹಸೆಮಣೆ ಹತ್ತುವುದಿಲ್ಲ. ಅಂದರೆ ಹೂಂ ಅನ್ನಬೇಕಾದವನು ನಾನು.

“ನೋಡ್ಲಾ, ನೀನೇ ಓಗಿ ಕಣ್ಣಾರ ನೋಡ್ಕಂಡು ಬಾ,” ಎಂದಳು ಅಕ್ಕ. “ಯಾವ ಜನ, ಏನ್ ಕತೆ, ಮನೆ ಎಂಗದೆ, ಎಲ್ಲಾ ತಿಳ್ಕೊ. ನೀನು ಹೂಂ ಅಂದ್ರೆ ಹೂಂ. ಊಹೂಂ ಅಂದ್ರೆ ಅವ್ಳು ಅತ್ರೂ ಸರಿ, ಊಹೂಂ.”

“ನಂಗೆ ಇಂಗ್ಲೀಸು ಅಷ್ಟಾಗಿ ಬರಲ್ವಲ್ಲಕ್ಕ.”

“ಮೇಷ್ಟ್ರಾಗಿ ಏನ್ ಕಡ್ದೆ ಮತ್ತೆ? ಓಗ್ಲಾ ಸುಮ್ನೆ.”

ಮ್ಯಾಂಚೆಸ್ಟರ್

ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ನೋಡುವ ಹೆಂಗಸು ಯಾತಕ್ಕೆ ಬಂದಿರಿ ಎಂದು ಕೇಳಿದಳು. ಸುಳ್ಳು ಹೇಳಿದರೆ ಹಿಂದಕ್ಕೆ ಕಳಿಸುತ್ತಾರೆಂಬ ಹೆದರಿಕೆಯಲ್ಲಿ, ಗಂಡು ನೋಡಲು ಬಂದೆ ಎಂದು ಇದ್ದದ್ದನ್ನೇ ಹೇಳಿಬಿಟ್ಟೆ. ಅವಳು ನನ್ನ ನರೆತ ಮೀಸೆಯನ್ನೊಮ್ಮೆ, ಪಾಸ್‌ಪೋರ್ಟನ್ನೊಮ್ಮೆ ನೋಡಿದಳು. ನನಗಲ್ಲ, ಅಕ್ಕನ ಮಗಳಿಗೆ ಎಂದು ಬಿಡಿಸಿ ಹೇಳುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಮುಂದೆ ಇನ್ನೊಬ್ಬ ನನ್ನ ಚೀಲ ತೆರೆಸಿ ಹುಚ್ಚೆಳ್ಳು ಪುಡಿಯ ಡಬ್ಬಿಗೆ ಮೂಗಿಟ್ಟ. ಮೂರು ಸಲ ಸೀನಿ, ಹೋಗು ಎಂದು ಕೈ ಮಾಡಿದ.

ರೂಪಾ ಕರೆದೊಯ್ಯಲು ಬಂದಿದ್ದಳು. ರೈಲು ಹತ್ತಿದೆವು. ಅಲ್ಲಿಯ ಜನ ರೈಲಿನಲ್ಲಿ ಮಾತಾಡುವುದಿಲ್ಲ. ಕೊಳ್ಳೇಗಾಲದಲ್ಲಿ ಮೈಸೂರು ಬಸ್ಸು ಹತ್ತಿದರೆ ನರಸೀಪುರ ಬರುವಷ್ಟರಲ್ಲಿ ಪಕ್ಕದವರ ಊರು, ಕಾಯಿಲೆ, ಮಗಳ ಹೆರಿಗೆ ಎಲ್ಲ ಗೊತ್ತಾಗಿರುತ್ತದೆ. ಇಲ್ಲಿ ಎದುರಿನ ಸೀಟಿನವರು ನಮ್ಮ ಕಣ್ಣು ತಪ್ಪಿಸಿ ಕೂತಿದ್ದರು. ಆ ನಿಶ್ಶಬ್ದದಲ್ಲಿ ರೂಪಾ ಬಗ್ಗಿ, ಪಿಸುಮಾತಿನಲ್ಲಿ ಶುರು ಮಾಡಿದಳು.

“ಮಾವ, ಒಂದ್ ಮಾತು ಹೇಳ್ಬೇಕು. ಬೈಬಾರ್ದು.”

“ಬೈಯಲ್ಲ. ಹೇಳು ಕೂಸೇ,” ಎಂದೆ.

“ಮಾರೆಕ್ ಮನೆಯೋರು ಅಮ್ಮ ಅಂದ್ಕೊಂಡಿರೋ ಥರ ಇಂಡಿಯನ್ ಅಲ್ಲ. ಅವರು ರೋಮಾ ಜನ. ಸ್ಲೊವಾಕಿಯಾ ಅಂತ ದೇಶ, ಅಲ್ಲಿಂದ ಇಲ್ಲಿಗೆ ಬಂದವ್ರು.”

“ಅಂದ್ರೆ ಜಿಪ್ಸಿಗಳಾ?” ಗಾಬರಿಯಲ್ಲಿ ನನ್ನ ದನಿ ಎತ್ತರವಾಯಿತು.

“ಶ್! ಆ ಮಾತು ಆಡ್ಬೇಡಿ ಮಾವ. ಅವರ ಮನೇಲಿ ಅದು ಬೈಗುಳ.”

“ಮತ್ತೆ ಅಮ್ಮಂಗೆ ಯಾಕೆ ಸುಳ್ಳು ಹೇಳ್ದೆ?”

“ಪೂರ್ತಿ ಸುಳ್ಳಲ್ಲ. ಸಾವಿರ ವರ್ಷದ ಹಿಂದೆ ಅವರ ಹಿರೀಕರು ಇಂಡಿಯಾ ಕಡೆಯಿಂದಲೇ ಹೊರಟವ್ರು ಅಂತ ತಿಳಿದೋರು ಹೇಳ್ತಾರೆ. ಆಸ್ಪತ್ರೇಲೂ ಮಾರೆಕ್ ಎಲ್ಲರ ಹತ್ರ ಇಂಡಿಯನ್ ಅಂತಲೇ ಹೇಳ್ಕೊಂಡವ್ನು. ನನ್ನ ಹತ್ರ ಮಾತ್ರ ನಿಜ ಹೇಳ್ದ. ನೀವು ಅಮ್ಮಂಗೆ ಹಾಗೇ ಹೇಳ್ಬುಡಿ ಮಾವ, ನಿಮ್ಮ ದಮ್ಮಯ್ಯ.”

“ಸಾವಿರ ವರ್ಷನಾ? ನಂಗೆ ನಮ್ಮ ಮುತ್ತಜ್ಜನ ಹೆಸರೇ ಗೊತ್ತಿಲ್ಲವಲ್ಲೇ!”

ರೂಪಾ ನಗಲಿಲ್ಲ. ಅವಳ ಕಣ್ಣು ತುಂಬಿತ್ತು. ನನಗೆ ಅಕ್ಕನೇ ಕಣ್ಣ ಮುಂದೆ ಬಂದಳು. ಸೂಜಿ, ಮಣಿ ಮಾರುವ ಅಲೆಮಾರಿ ಹೆಂಗಸರು ನಮ್ಮ ಬೀದಿಗೆ ಬಂದರೆ ಅವಳು ಜಗಲಿಯ ಚೊಂಬು ಒಳಗಿಟ್ಟು, ಬಾಗಿಲು ಹಾಕಿಕೊಂಡು, ಕಿಟಕಿಯಿಂದಲೇ ವ್ಯಾಪಾರ ಮಾಡುವವಳು. ರೋಮಾ ಎಂದರೆ ಯಾರು ಎಂದು ಅವಳಿಗೆ ಬಿಡಿಸಿ ಹೇಳಿದರೆ ಅವಳ ಮನಸ್ಸಿಗೆ ಬರುವುದು ಆ ಹೆಂಗಸರೇ. ಮದುವೆ ಅಲ್ಲಿಗೆ ಮುರಿಯಿತು. ಹೇಳದಿದ್ದರೆ ಸೋದರಮಾವನಾಗಿ ನಾನು ಬಂದದ್ದೇ ದಂಡ. ಬೇಸಿಗೆಯ ಕಾಲ ಎಂದಿದ್ದರು, ಸ್ವೆಟರಿನೊಳಗೂ ನಡುಗುತ್ತಿದ್ದೆ. ಚಳಿಗೋ ಭಯಕ್ಕೋ ಗೊತ್ತಾಗಲಿಲ್ಲ.

ಷೆಫೀಲ್ಡ್, ಶನಿವಾರ

ಷೆಫೀಲ್ಡ್ ಏರುತಗ್ಗಿನ ಊರು. ಒಂದೇ ಅಚ್ಚಿನಲ್ಲಿ ತೆಗೆದ ಇಟ್ಟಿಗೆ ಮನೆಗಳ ಸಾಲು, ಗೋಡೆಗೆ ಗೋಡೆ ಅಂಟಿದವು. ಅದೊಂದು ನೋಡಿ ಸ್ವಲ್ಪ ಧೈರ್ಯ ಬಂತು. ಆದರೆ ಒಳಗಿನಿಂದ ಒಂದು ಸದ್ದಿಲ್ಲ. ಇಡೀ ಬೀದಿಗೆ ಸೂತಕವೇ ಎಂದು ರೂಪಾಳನ್ನು ಕೇಳಿದೆ.

ಅಲ್ಲಿಯ ಕನ್ನಡದವರಾದ ಶ್ರೀಧರ್ ಎಂಬ ಮೈಸೂರಿನ ಅಕೌಂಟೆಂಟರು ನನ್ನನ್ನು ಊಟಕ್ಕೆ ಕರೆದರು. ರೂಪಾ ಆಸ್ಪತ್ರೆಗೆ ಹೋಗಿದ್ದಳು. ಶ್ರೀಧರ್ ಒಳ್ಳೆಯ ಮನುಷ್ಯ. ಕೋಸಂಬರಿ, ಹುಳಿ, ಹಪ್ಪಳ, ಎರಡೆರಡು ಸಲ ಬಡಿಸಿದರು. ಕೈ ತೊಳೆಯುವಾಗ ನಾನು, ಏನೂ ಗೊತ್ತಿಲ್ಲದವನಂತೆ, ಇಲ್ಲಿ ರೋಮಾ ಜನ ಇದ್ದಾರಂತಲ್ಲ ಎಂದೆ.

“ಅಯ್ಯೋ, ಆ ಬೀದಿಗಳ ಕಡೆ ಹೋಗ್ಬೇಡಿ ಮೇಷ್ಟ್ರೇ,” ಎಂದರು. “ಒಂದು ಮನೇಲಿ ಒಂದು ಊರಿನ ಜನ. ಗಲಾಟೆ, ಕಸ. ಜೇಬು ನೋಡ್ಕೊಳ್ಳಿ.”

“ಅವರು ನಮ್ಮ ಕಡೆಯಿಂದ ಹೋದವರು ಅಂತಾರಲ್ಲ?”

ತಕ್ಷಣ ಶ್ರೀಧರರ ಮುಖ ಅರಳಿತು. “ಹೌದು ಮತ್ತೆ! ನಮ್ಮ ರಕ್ತ ಸಾರ್ ಅದು. ನೀರಿಗೆ ಪಾನಿ ಅಂತಾರೆ, ಮೂಗಿಗೆ ನಾಕ್ ಅಂತಾರೆ. ಒಂದ್ಸಲ ನಮ್ಮ ದೀಪಾವಳಿ ಕಾರ್ಯಕ್ರಮಕ್ಕೆ ಕರೆಸಿದ್ವಿ, ಏನ್ ಕುಣಿತಾರೆ! ಎಷ್ಟೋ ಜನ ಅತ್ಬಿಟ್ರು. ಕಳೆದುಹೋದ ತಮ್ಮ ಸಿಕ್ಕಿದ ಹಾಗೆ.”

“ಅವರ ಮನೆಗೆ ಹೋಗಿದ್ದೀರಾ?”

“ಮನೆಗಾ? ಛೆ ಛೆ.”

ನನಗೆ ನಗು ಬರಬೇಕಿತ್ತು, ಬರಲಿಲ್ಲ. ಪಾನಿ, ನಾಕ್ ಎಂಬ ಮಾತುಗಳನ್ನು ನಾನು ಕಲಿತದ್ದು ಹಿಂದಿ ಮೇಷ್ಟ್ರ ಬೆತ್ತದ ಕೆಳಗೆ. ಅದು ನನ್ನ ರಕ್ತದಲ್ಲಿದ್ದಿದ್ದರೆ ಅಷ್ಟು ಏಟು ಬೀಳುತ್ತಿರಲಿಲ್ಲ. ನಮ್ಮ ಮನೆಮಾತು ತೆಲುಗು. ಕೊಳ್ಳೇಗಾಲಕ್ಕೆ ನಾವು ಎಷ್ಟು ತಲೆಮಾರಿನ ಹಿಂದೆ ಬಂದೆವೋ ಹೇಳುವವರಿಲ್ಲ. ಕನ್ನಡ ಪಾಠ ಹೇಳಿಯೇ ತಲೆ ನರೆತಿದ್ದರೂ ಸ್ಟಾಫ್ ರೂಮಿನಲ್ಲಿ ‘ನಿಮ್ದು ಮೂಲ ಎಲ್ಲಿ ಸಾ?’ ಎಂದು ಕೇಳಿದವರಿದ್ದಾರೆ. ಕೊಳ್ಳೇಗಾಲ ಎಂದರೆ, ‘ಅದು ಸರಿ, ಅದ್ಕೂ ಮುಂಚೆ?’ ಅದಕ್ಕೂ ಮುಂಚೆ ನಾನು ಎಲ್ಲೂ ಇರಲಿಲ್ಲವಲ್ಲ ಮಾರಾಯರೇ, ಹುಟ್ಟಿದ್ದೇ ಅಲ್ಲಿ!

ಮಧ್ಯಾಹ್ನ ಅಕ್ಕ ಫೋನ್ ಮಾಡಿದಳು. ಅಲ್ಲಿ ಸಂಜೆ. ಹಿಂದೆ ಮಗ್ಗದ ಸದ್ದು ಕೇಳುತ್ತಿತ್ತು.

“ನೋಡಿದ್ಯಾ? ಯಾವ ಜನ?”

“ನಾಳೆ ಅವರ ಮನೇಗೆ ಓಯ್ತೀನಿ ಅಕ್ಕ. ಇಲ್ಲಿ ಸರಿಯಾಗಿ ಕೇಳ್ತಾ ಇಲ್ಲ,” ಎಂದು ಇಟ್ಟುಬಿಟ್ಟೆ. ಸ್ಪಷ್ಟವಾಗಿ ಕೇಳುತ್ತಿತ್ತು.

ಭಾನುವಾರ, ಅಜ್ಜಿಯ ಮನೆ

ಮಾರೆಕ್ ಬಂದು ಕರೆದುಕೊಂಡು ಹೋದ. ಮೆತ್ತನೆಯ ಹುಡುಗ. ರಸ್ತೆ ದಾಟುವಾಗ ನನ್ನ ತೋಳು ಹಿಡಿದುಕೊಂಡ, ದಾಟಿದ ಮೇಲೆ ನಾಚಿ ಬಿಟ್ಟ. ನನ್ನ ಇಂಗ್ಲಿಷಿಗೂ ಅವನ ಇಂಗ್ಲಿಷಿಗೂ ಚೆನ್ನಾಗಿ ಹೊಂದಿಕೆಯಾಯಿತು, ಇಬ್ಬರದೂ ತರಗತಿಯಲ್ಲಿ ಕಲಿತದ್ದು. ಅವನ ತಾಯಿ ಇಲ್ಲ, ಬೆಳೆಸಿದ್ದು ಅಜ್ಜಿ ಇರೆನಾ. ಸ್ಲೊವಾಕಿಯಾದಲ್ಲಿ ತಮ್ಮ ಜನದ ಮಕ್ಕಳನ್ನು ಬುದ್ಧಿಮಾಂದ್ಯರ ಶಾಲೆಗೆ ತಳ್ಳುತ್ತಿದ್ದರೆಂದೂ, ಅಜ್ಜಿ ತನ್ನನ್ನು ಅಲ್ಲಿಂದ ಬಿಡಿಸಿ ಇಲ್ಲಿಗೆ ಕರೆತಂದಳೆಂದೂ ಹೇಳಿದ.

ಸೋನೆ ಹಿಡಿದಿತ್ತು. ದಾರಿಯಲ್ಲಿ ನಾನು ಸರಿಯಾಗಿ ನೋಡದೆ ಕೆಸರಿನ ಗುಂಡಿಗೆ ಕಾಲಿಟ್ಟೆ. ಮೊಣಕಾಲಿನವರೆಗೂ ರಾಡಿ.

ಅಜ್ಜಿ ಬಾಗಿಲಲ್ಲೇ ನಿಂತಿದ್ದಳು. ಹೂವಿನ ಚಿತ್ತಾರದ ಉದ್ದ ಲಂಗ, ತಲೆಗೆ ಬಟ್ಟೆ, ಕಿವಿಯಲ್ಲಿ ಬಂಗಾರ. ಒಳಗೆ ನೆಲಗಂಬಳಿ, ಗೋಡೆಯಲ್ಲಿ ಮೇರಿ ಮಾತೆಯ ಪಟ, ಅದಕ್ಕೆ ಪ್ಲಾಸ್ಟಿಕ್ ಹೂವಿನ ಹಾರ. ಚಪ್ಪಲಿ ಹೊರಗೆ ಬಿಟ್ಟೆ. ಆದರೆ ಆ ಕಾಲಿನಲ್ಲಿ ಅಷ್ಟು ಚೊಕ್ಕಟ ಕಂಬಳಿಯ ಮೇಲೆ ಹೇಗೆ ಕೂರುವುದು? ನಮ್ಮ ಮನೆಯಲ್ಲಿ ಕಾಲು ತೊಳೆಯದೆ ಒಳಗೆ ಬಂದವರನ್ನು ಅಮ್ಮ ದುರುಗುಟ್ಟಿ ನೋಡುತ್ತಿದ್ದಳು. ಮಾರೆಕ್ ಏನನ್ನೋ ತರಲು ಮಹಡಿಗೆ ಹೋದ. ಹಿತ್ತಲ ಬಾಗಿಲು ತೆರೆದಿತ್ತು. ಅಲ್ಲಿ ಒಂದು ನಲ್ಲಿ, ಗೋಡೆಗೆ ಒರಗಿಸಿದ ಬಿಳಿ ಬೇಸಿನ್. ಕಾಲಿಗೆಂದೇ ಇಟ್ಟಿದ್ದಾರೆ, ಎಷ್ಟು ಶುಚಿಯ ಜನ ಎಂದು ಮನಸ್ಸಿನಲ್ಲೇ ಹೊಗಳಿದೆ. ನೀರು ತುಂಬಿ, ಎರಡೂ ಕಾಲು ಇಳಿಬಿಟ್ಟು, ಹಿಮ್ಮಡಿಯನ್ನೆಲ್ಲ ಉಜ್ಜಿ ತೊಳೆದೆ.

ಹಿಂದಿನಿಂದ ಒಂದು ಕೂಗು. ಅಜ್ಜಿ! ಅವಳು ಎರಡೂ ಕೈ ಕೆನ್ನೆಗೆ ಇಟ್ಟುಕೊಂಡು ನಿಂತಿದ್ದಳು. ನಾನು ಹಾರಿ ಬೇಸಿನ್ನಿನಿಂದ ಹೊರಬಿದ್ದೆ. ಅವಳು ಹಳೆಯ ಬಟ್ಟೆಯಲ್ಲಿ ಬೇಸಿನ್ನಿನ ಅಂಚು ಹಿಡಿದು ಎತ್ತಿ, ನೀರು ಚೆಲ್ಲಿ, ಬೇಸಿನ್ನನ್ನೇ ಕಸದ ದೊಡ್ಡ ಡಬ್ಬಕ್ಕೆ ಹಾಕಿ ಮುಚ್ಚಳ ಮುಚ್ಚಿದಳು. ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತಳು.

ಮಾರೆಕ್ ಇಳಿದು ಬಂದು ನನ್ನ ಒದ್ದೆ ಕಾಲು, ಖಾಲಿ ಜಾಗ ನೋಡಿ ತಲೆಗೆ ಕೈ ಹಚ್ಚಿದ. ಅದು ರೊಟ್ಟಿಯ ಹಿಟ್ಟು ಕಲಸುವ ಬೇಸಿನ್. ತೊಳೆದು ಆರಲು ಇಟ್ಟಿದ್ದಳು. ಊಟಕ್ಕೆ ತಾಗುವ ಪಾತ್ರೆ ಬೇರೆ, ಮೈಗೆ ತಾಗುವ ಪಾತ್ರೆ ಬೇರೆ. ಸೊಂಟದಿಂದ ಮೇಲಿನ ಬಟ್ಟೆಗೊಂದು, ಕೆಳಗಿನ ಬಟ್ಟೆಗೊಂದು. ಒಮ್ಮೆ ಬೆರೆತರೆ ಎಷ್ಟು ಉಜ್ಜಿದರೂ ಆಗುವುದಿಲ್ಲ, ಎಸೆಯಲೇಬೇಕು ಎಂದು ವಿವರಿಸಿದ.

ನನಗೆ ವಿವರಿಸಬೇಕಿರಲಿಲ್ಲ. ಒಮ್ಮೆ ನೆಂಟರೊಬ್ಬರು ಬಚ್ಚಲ ಚೊಂಬನ್ನು ಕುಡಿಯುವ ನೀರಿನ ಮಡಕೆಗೆ ಅದ್ದಿದಾಗ, ನಮ್ಮಮ್ಮ ಅವರು ಹೋಗುವವರೆಗೂ ನಗುತ್ತಲೇ ಇದ್ದು, ಆಮೇಲೆ ಮಡಕೆಯನ್ನು ತಿಪ್ಪೆಗೆ ಒಯ್ದು ಒಡೆದಿದ್ದಳು. ಬೇರೆ ಯಾವ ತಪ್ಪಾಗಿದ್ದರೂ ಪರದೇಶದ ಪದ್ಧತಿ ಗೊತ್ತಿರಲಿಲ್ಲವೆಂದು ನುಣುಚಿಕೊಳ್ಳಬಹುದಿತ್ತು. ಇದಕ್ಕೆ ಆ ದಾರಿಯೂ ಇಲ್ಲ. ಅವರನ್ನು ನೋಡಲು ಬಂದ ನಾನು, ಅವರ ಪರೀಕ್ಷೆಯಲ್ಲಿ ಮೊದಲನೇ ಪ್ರಶ್ನೆಗೇ ಫೇಲಾಗಿದ್ದೆ.

ಅಜ್ಜಿ ಗೋಡೆಗೆ ಏನೋ ಹೇಳಿದಳು. ಮಾರೆಕ್ ತಡವರಿಸಿದ. ಹೇಳಪ್ಪಾ ಎಂದೆ.

“‘ಇವರೇನಾ ಇಂಡಿಯನ್ನರು? ಇವರ ಹೆಸರು ಹೇಳಿಕೊಂಡಾ ನಾವು ಇಷ್ಟು ವರ್ಷ ತಿರುಗಿದ್ದು?’ ಅಂತಾಳೆ. ಕ್ಷಮಿಸಿ.”

ಈ ಊರಿಗೆ ಬಂದಾಗ ಮನೆ ಬಾಡಿಗೆಗೆ ಕೊಡುವವರು, ಕೆಲಸ ಕೊಡುವವರು ನೀವು ಯಾರು ಎಂದು ಕೇಳುತ್ತಿದ್ದರಂತೆ. ರೋಮಾ ಎಂದರೆ ಬಾಗಿಲು ಮುಚ್ಚುತ್ತಿತ್ತು. ಇಂಡಿಯನ್ ಅನ್ನು ಎಂದು ಮೊಮ್ಮಗನಿಗೆ ಹೇಳಿಕೊಟ್ಟವಳು ಈ ಅಜ್ಜಿಯೇ. ಈಗ ಅವಳು ನನ್ನ ಕಡೆ ತಿರುಗಿದಳು. ಕೋಪ ಇಳಿದು ಕಣ್ಣಿನಲ್ಲಿ ಬೇರೆ ಏನೋ ಇತ್ತು. ನನಗೆ ಚೆನ್ನಾಗಿ ಪರಿಚಯವಿರುವ ವಸ್ತು, ಭಯ.

“‘ನಿಮ್ಮ ಅಕ್ಕನಿಗೂ ಇಂಡಿಯನ್ ಅಂತಲೇ ಹೇಳಿ. ನಮ್ಮ ಹೆಸರು ಹೇಳಿ ಕೇಳಿದರೆ ಯಾರು ಹೆಣ್ಣು ಕೊಡ್ತಾರೆ?’ ಅಂತಾಳೆ,” ಎಂದ ಮಾರೆಕ್. ಹೇಳಿ ಮುಗಿಸುತ್ತಲೇ ಅಜ್ಜಿಯ ಕಡೆ ತಿರುಗಿ ತಮ್ಮ ಭಾಷೆಯಲ್ಲಿ ಜೋರಾಗಿ ಮಾತಾಡಿದ. ಅವಳೂ ಜೋರಾದಳು. ನಾನು ಒದ್ದೆ ಕಾಲಿನಲ್ಲಿ ನಡುವೆ ನಿಂತು ಮೇರಿಯ ಪಟ ನೋಡುತ್ತಿದ್ದೆ. ಆ ದಿನ ರೊಟ್ಟಿ ಆಗಲಿಲ್ಲ.

ಸೋಮವಾರ, ಟ್ರ್ಯಾಮ್

ಮರುದಿನ ಮಾರೆಕ್ ನನ್ನನ್ನು ಊರು ತೋರಿಸಲು ಟ್ರ್ಯಾಮ್ ಹತ್ತಿಸಿದ. ಎದುರಿಗೆ ಬಿಳಿ ಕೂದಲಿನ ಮುದುಕಿಯೊಬ್ಬಳು ನಾಯಿಮರಿ ಹಿಡಿದು ಕೂತಿದ್ದಳು. ಆ ದೇಶದಲ್ಲಿ ನಾಯಿ ಹಿಡಿದವರು ಮಾತ್ರ ಅಪರಿಚಿತರೊಡನೆ ಮಾತಾಡುತ್ತಾರೆಂದು ಕಾಣುತ್ತದೆ.

“ನಿಮ್ಮ ತಂದೆಯಾ?” ಎಂದು ಮಾರೆಕ್‌ನನ್ನು ಕೇಳಿದಳು. “ಎಷ್ಟು ಹೋಲಿಕೆ! ಇಂಡಿಯಾದವರಾ?”

“ಹೌದು,” ಎಂದ ಮಾರೆಕ್.

ತಾನು ಒಮ್ಮೆ ಕೇರಳಕ್ಕೆ ಹೋಗಿದ್ದಾಗಿ ಹೇಳಿ, ಇಂಡಿಯಾದವರು ಬಹಳ ಸಭ್ಯರು ಎಂದು ಹೊಗಳಿ ಇಳಿದುಹೋದಳು. ಒಂದು ಕೆಟ್ಟ ಮಾತಿಲ್ಲ. ಆದರೂ ಹುಡುಗನ ಮುಖ ಸುಣ್ಣದಂತಾಗಿತ್ತು. ಮುಂದಿನ ನಿಲ್ದಾಣದಲ್ಲಿ ನನ್ನನ್ನೂ ಇಳಿಸಿಕೊಂಡು ಒಂದು ಬೆಂಚಿನ ಮೇಲೆ ಕೂತ.

“ನೋಡಿದಿರಾ? ಬಾಯಿಗೆ ತಾನಾಗಿ ಬರುತ್ತೆ,” ಎಂದ. “ಅಲ್ಲಿ ಸ್ಲೊವಾಕ್ ಆಗು ಅಂದರು. ಇಲ್ಲಿ ನಾನೇ ಇಂಡಿಯನ್ ಆದೆ. ರೂಪಾಗೆ ಮಾತ್ರ ನಿಜ ಹೇಳಿದೆ. ಅವಳು ಒಪ್ಪಿದಳು. ಈಗ ಅವಳೂ ಮುಚ್ಚಿಡು ಅಂತಾಳೆ.”

“ಅವಳಿಗೆ ತಾಯಿಯ ಭಯ,” ಎಂದೆ.

“ನಿಮಗೆ?”

“ನನಗೆ ಎಲ್ಲರ ಭಯ.”

ಅವನು ಸ್ವಲ್ಪ ನಕ್ಕ. ಆಮೇಲೆ ನೆಲ ನೋಡುತ್ತ, ಮೆಲ್ಲಗೆ, ಒಂದೊಂದೇ ಮಾತು ಆರಿಸಿ ಹೇಳಿದ. ಇಂಡಿಯಾದ ಮೇಲೆ ತನಗೆ ಕೋಪವಿಲ್ಲ, ಹಿರಿಯರು ಅಲ್ಲಿಂದ ಬಂದಿದ್ದರೂ ಬಂದಿರಬಹುದು. ಆದರೆ ಅಜ್ಜಿಯ ಬೇಸಿನ್ನು, ಅಜ್ಜಿಯ ಮಾತು, ಅಜ್ಜಿ ಸತ್ತವರಿಗೆ ದೀಪ ಹಚ್ಚುವುದು, ಇದಕ್ಕೆಲ್ಲ ಒಂದು ಹೆಸರಿದೆ. ಆ ಹೆಸರು ಬಿಟ್ಟು ಮದುವೆಯಾದರೆ ತನ್ನ ಮಕ್ಕಳಿಗೆ ಅದು ಸಿಗುವುದಿಲ್ಲ.

“ನಾಳೆ ನಿಮ್ಮ ಅಕ್ಕನಿಗೆ ಇಂಡಿಯನ್ ಅಂತ ಹೇಳಿದರೆ ನಾನು ಈ ಮದುವೆ ಆಗುವುದಿಲ್ಲ. ರೂಪಾ ಇಲ್ಲದೆ ಹೇಗಿರುತ್ತೇನೋ ಗೊತ್ತಿಲ್ಲ. ಆದರೂ ಆಗುವುದಿಲ್ಲ.”

ಅತ್ತ ದರಿ ಇತ್ತ ಪುಲಿ ಎಂಬ ಗಾದೆಯನ್ನು ಎಷ್ಟು ವರ್ಷ ಬೋರ್ಡಿನ ಮೇಲೆ ಬರೆಸಿ ವಿಸ್ತರಿಸಲು ಹೇಳಿದ್ದೆನೋ. ವಿಸ್ತಾರ ಇವತ್ತು ತಿಳಿಯಿತು. ಸುಳ್ಳು ಹೇಳಿದರೆ ಹುಡುಗ ಹೋಗುತ್ತಾನೆ, ನಿಜ ಹೇಳಿದರೆ ಅಕ್ಕ ಬಿಡುವುದಿಲ್ಲ. ಯಾವ ಕಡೆಯಿಂದ ನೋಡಿದರೂ ರೂಪಾಳ ಮದುವೆ ಮುರಿಯುವವನು ನಾನೇ. ರಾತ್ರಿ ಅನ್ನ ಸೇರಲಿಲ್ಲ.

ಮಂಗಳವಾರ, ಅಡುಗೆಮನೆ

ಅಜ್ಜಿಯ ಮನೆಯಲ್ಲೇ ಕೂತು ಅಕ್ಕನಿಗೆ ಫೋನ್ ಮಾಡುವುದೆಂದಾಯಿತು. ರೂಪಾ ರಜೆ ಹಾಕಿ ಬಂದಿದ್ದಳು. ಬಾಗಿಲಲ್ಲೇ ನಾನು ಎರಡೂ ಕೈ ಚಾಚಿ, ಎಲ್ಲಿ ತೊಳೆಯಲಿ ಎಂದು ಸನ್ನೆಯಲ್ಲಿ ಕೇಳಿದೆ. ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಬಚ್ಚಲ ಕಡೆ ಬೆರಳು ತೋರಿಸಿದಳು. ಬಾಯಿಯ ಕೊನೆಯಲ್ಲಿ ನಗು ಇದ್ದ ಹಾಗಿತ್ತು, ನಿಜವಾಗಿಯೂ ಇತ್ತೋ ಇಲ್ಲವೋ.

ಫೋನನ್ನು ಮೇಜಿನ ಮೇಲಿಟ್ಟು ಎಲ್ಲರಿಗೂ ಕೇಳುವಂತೆ ಮಾಡಿದೆವು. ಮಾರೆಕ್ ಒಲೆಗೆ ಒರಗಿ ನಿಂತ. ರೂಪಾ ಉಗುರು ಕಚ್ಚುತ್ತಿದ್ದಳು.

“ಈಗ್ಲಾದ್ರೂ ಯೋಳ್ತೀಯೋ ಇಲ್ವೋ? ಯಾವ ಜನ?” ಅಕ್ಕನ ಮೊದಲ ಮಾತೇ ಅದು.

“ಅಕ್ಕ, ಅವ್ರು ಇಂಡಿಯಾದೋರಲ್ಲ,” ಎಂದೆ. ರೂಪಾ ಕಣ್ಣು ಮುಚ್ಚಿಕೊಂಡಳು. ಹೇಳಲು ಶುರು ಮಾಡಿದ ಮೇಲೆ ಎಲ್ಲವೂ ಹೊರಬಂತು. ರೋಮಾ ಎಂಬ ಹೆಸರು, ಬಾಗಿಲು ಮುಚ್ಚುವ ಮನೆಯವರು, ಹೆದರಿ ಬೇರೆ ಹೆಸರು ಹೇಳಿಕೊಂಡದ್ದು. ಸೂಜಿ ಮಾರುವವರ ಮಾತೂ ನಾನೇ ಎತ್ತಿದೆ. “ನಾವು ಅವ್ರನ್ನ ಎಂಗೆ ನೋಡ್ತೀವೋ, ಇವ್ರನ್ನ ಇಲ್ಲಿಯೋರು ಅಂಗೇ ನೋಡ್ತಾರೆ ಅಕ್ಕ. ಮುಚ್ಚಿಟ್ಟು ಏನ್ ಪ್ರಯೋಜನ?”

ನಮ್ಮ ಅಕ್ಕ ಕೋಪ ಬಂದರೆ ಕನ್ನಡದಲ್ಲಿ ಬೈಯುತ್ತಾಳೆ, ಎದೆ ಒಡೆದರೆ ತೆಲುಗಿನಲ್ಲಿ ಅಳುತ್ತಾಳೆ. ಭಾವ ಹೋದಾಗ ತಿಂಗಳುಗಟ್ಟಲೆ ತೆಲುಗು ಬಿಟ್ಟು ಬೇರೆ ಮಾತು ಬಂದಿರಲಿಲ್ಲ. ಯಾವುದು ಬರುತ್ತದೋ ಎಂದು ನಾನು ಮೇಜಿನ ಅಂಚು ಹಿಡಿದುಕೊಂಡೆ.

“ಮನೆ ಎಂಗದೆ?” ಕನ್ನಡ!

ಚೊಕ್ಕಟವಾಗಿದೆ ಎಂದೆ. ಅದಕ್ಕೆ ಸಾಕ್ಷಿ ಬೇಕಲ್ಲ, ಬೇಸಿನ್ನಿನ ಕಥೆ ಹೇಳಬೇಕಾಯಿತು.

“ಥೂ ನಿನ್ ಮುಖಕ್ಕೆ! ಕೇಳ್ದೆ ಮಾಡ್ದೆ ಕಂಡೋರ ಮನೆ ಪಾತ್ರೇಲಿ ಕಾಲಿಟ್ಯಾ? ಆಯಮ್ಮ ಅದ್ನ ಉಜ್ಜಿ ಇಟ್ಕಂಡ್ಳಾ?”

“ಇಲ್ಲ. ಎಸೆದ್ಬುಟ್ಲು.”

“ಸರಿಯಾಗೇ ಮಾಡವ್ಳೆ.” ದನಿ ತಗ್ಗಿಸಿ ಕೇಳಿದಳು. “ಇಂಡಿಯಾದೋರು ಅಂದ್ಬುಟ್ರೆ ಎಲ್ಲಾರ್ಗೂ ಸಲೀಸಲ್ವೇನ್ಲಾ? ಬೀದಿಗೆಲ್ಲಾ ಅಂಗೇ ಅಂದಿವ್ನಿ.”

“ಸಲೀಸು ಅಕ್ಕ. ಆದ್ರೆ ಉಡ್ಗ ಒಪ್ಪಲ್ಲ. ತನ್ ಜನದ ಹೆಸ್ರಲ್ಲೇ ಗಂಡಾಗ್ಬೇಕಂತೆ. ಇಲ್ದಿದ್ರೆ ಬ್ಯಾಡ್ವಂತೆ.”

ರೂಪಾ ತಡೆಯಲಾರದೆ “ಅಮ್ಮಾ” ಎಂದಳು.

“ಸುಮ್ಕಿರು ನೀನು, ಸುಳ್ಬುರ್ಕಿ,” ಎಂದಳು ಅಕ್ಕ. “ನೋಡ್ಲಾ, ಧಾರೇಲಿ ಇಂಥೋರ ಮೊಮ್ಮಗ, ಇಂಥೋರ ಮಗ ಅಂತ ವಂಶ ಯೋಳಿ ತಾನೆ ನೀರು ಬುಡೋದು? ಸುಳ್ಳು ವಂಶ ಯೋಳಿ ಬುಟ್ರೆ ಆ ನೀರು ಯಾರ್ಗೆ ಸೇರ್ತದೆ? ನನ್ ಮಗ್ಳು ಯಾರ್ಗೂ ಸೇರ್ದಂಗಾಯ್ತಾಳೆ. ಆದ್ರೂ ನಂಗೆ ದಿಗಿಲಾಯ್ತದೆ ಕಣ್ಲಾ. ಜನ ಏನಂದಾರು?”

ಅಷ್ಟರಲ್ಲಿ ಆ ಕಡೆ ಬಾಗಿಲು ಕಿರುಗುಟ್ಟಿತು. ಇನ್ನೊಂದು ಹೆಣ್ಣು ದನಿ ಕೇಳಿತು. ನೀಲಮ್ಮ.

“ಯಾರ್ದು ಲಕ್ಷ್ಮಕ್ಕ ಪೋನು, ಇಂಗ್ಲೆಂಡಿಂದಾ? ಮೇಷ್ಟ್ರು ನೋಡ್ಕಂಡ್ರಂತಾ? ಗಂಡಿನ್ ಕಡೆಯೋರು ಯಾವ ಜನ?”

ಅಕ್ಕ ಫೋನ್ ಇಟ್ಟುಬಿಡಬಹುದಿತ್ತು. ಕೇಳಿಸುತ್ತಿಲ್ಲ ಎನ್ನಬಹುದಿತ್ತು, ನಮ್ಮ ಮನೆತನಕ್ಕೆ ಅದೇನು ಹೊಸದಲ್ಲ. ಮಾರೆಕ್‌ಗೆ ಮಾತು ತಿಳಿಯದಿದ್ದರೂ ನಮ್ಮ ಮುಖ ನೋಡಿ ಒಲೆ ಬಿಟ್ಟು ಮೇಜಿನ ಹತ್ತಿರ ಬಂದಿದ್ದ.

“ರೋಮಾ ಅಂತ ಕಣಮ್ಮಿ,” ಎಂದಳು ಅಕ್ಕ.

“ಮೊನ್ನೆ ಇಂಡಿಯಾದೋರು ಅಂದಿದ್ರಲ್ಲ?”

“ಅಂದಿದ್ದೆ. ತಿಳೀದೆ ಅಂದಿದ್ದೆ. ಅವ್ರು ರೋಮಾ ಜನ. ಕೇಳ್ದೋರ್ಗೆ ಅಂಗೇ ಯೋಳು, ತಪ್ಪು ಯೋಳ್ಬ್ಯಾಡ.”

ಅಷ್ಟೂ ಮಾತಿನಲ್ಲಿ ಆ ಅಡುಗೆಮನೆಯ ಅಜ್ಜಿಗೂ ಮೊಮ್ಮಗನಿಗೂ ತಿಳಿದದ್ದು ಒಂದೇ ಮಾತು, ರೋಮಾ. ಮಾರೆಕ್ ಕುರ್ಚಿಯ ಬೆನ್ನು ಹಿಡಿದುಕೊಂಡ. ಅಜ್ಜಿ ಫೋನಿನ ಮೇಲೆ ಬಗ್ಗಿದಳು. ತಲೆಯ ಬಟ್ಟೆಯನ್ನು ಕಿವಿಯಿಂದ ಹಿಂದಕ್ಕೆ ಸರಿಸಿ, ನನ್ನ ಕಡೆ ನೋಡಿ, ಇನ್ನೊಂದು ಸಲ ಎಂದು ಬೆರಳೆತ್ತಿ ತೋರಿಸಿದಳು.

“ಅಕ್ಕ, ಇನ್ನೊಂದ್ ಸಲ ಯೋಳು,” ಎಂದೆ.

“ಯಾಕ್ಲಾ, ಕಿವಿ ಕೆಪ್ಪಾಯ್ತಾ?” ಎಂದು ಬೈದು, ಅಕ್ಕ ಇನ್ನೊಂದು ಸಲ ಹೇಳಿದಳು.